ಟೋನಿಯ ಹೆಸರು, ರಮಾಮಣಿಯ ತಿಥಿ

ಬಸವನಗುಡಿ, ಬೆಂಗಳೂರು
14 ಜನವರಿ 1974

ಶ್ರೀ ಬದರೀನಾಥ ಅವರಿಗೆ,

ಕೇಶವಮೂರ್ತಿಯ ನಮಸ್ಕಾರ. ಈ ಕೈಬರಹ ಕಂಡು ನಿಮಗೆ ಆಶ್ಚರ್ಯವಾಗಬಹುದು. ನಿಮ್ಮ ಮಗಳು ಶೈಲಜಾಳ ಜೊತೆ ವೈದ್ಯಕೀಯ ಓದಿದವರೊಬ್ಬರು ನಮ್ಮ ಬೀದಿಯಲ್ಲಿದ್ದಾರೆ. ವಿಳಾಸ ಅವರಿಂದ ಸಿಕ್ಕಿತು.

ನನ್ನ ತಂಗಿ ರಮಾಮಣಿ ಅಮೆರಿಕದಲ್ಲಿ ತೀರಿಕೊಂಡ ತಿಥಿ ನಮಗೆ ತಿಳಿಯದು. ಮಾಸ, ಪಕ್ಷ, ತಿಥಿ, ಇಷ್ಟನ್ನು ಒಂದು ಸಾಲಿನಲ್ಲಿ ಬರೆದು ಕಳಿಸಿದರೆ ಉಪಕಾರವಾಗುತ್ತದೆ. ವರ್ಷಕ್ಕೊಮ್ಮೆ ಈ ಮನೆಯಲ್ಲಿ ಅವಳ ಹೆಸರಿನಲ್ಲಿ ಎಳ್ಳುನೀರು ಬಿಟ್ಟು ಎಡೆ ಇಡಬೇಕೆಂದಿದೆ. ಕಾರಣ ಕೇಳಬಾರದಾಗಿ ಕೋರುತ್ತೇನೆ.

ಇತಿ,
ಕೇಶವಮೂರ್ತಿ

*

ಸಮರ್‌ಸೆಟ್, ನ್ಯೂಜೆರ್ಸಿ
24 ಫೆಬ್ರವರಿ 1974

ಶ್ರೀ ಕೇಶವಮೂರ್ತಿಗಳಿಗೆ,

ನಿಮ್ಮ ಕಾಗದ ಬಂದು ವಾರಗಳಾದವು. ಫ್ರಿಜ್ಜಿನ ಮೇಲೆ ಇಟ್ಟಿದ್ದೆ. ಅಳಿಯ ಮುಕುಂದ ಓದಿ ಮತ್ತೆ ಅಲ್ಲೇ ಇಟ್ಟ. ಮಗಳು ಅದನ್ನು ಮುಟ್ಟಲೇ ಇಲ್ಲ. ನಾನು ಮಾತ್ರ ದಿನಾ ಕಾಫಿಯ ಹೊತ್ತಿಗೆ ಒಂದು ಸಲ ತೆಗೆದು ಓದುತ್ತಿದ್ದೆ. ಒಳ್ಳೆಯ ಕಾಗದ. ನಾಲ್ಕು ಸಾಲಿನಲ್ಲಿ ಮೂವತ್ತೊಂಬತ್ತು ವರ್ಷ ದಾಟಿಬಿಟ್ಟಿದ್ದೀರಿ. ಕಾಲೇಜಿನಲ್ಲೂ ನೀವು ಹಾಗೆಯೇ, ಉದ್ದ ಪಾಠವನ್ನು ಹಿಂಡಿ ಪ್ರೆಸಿ ಬರೆಯುವುದರಲ್ಲಿ ನಿಮಗೇ ಮೊದಲನೆಯ ಮಾರ್ಕು. ನನಗೆ ಯಾವಾಗಲೂ ‘ಟೂ ಡಿಸ್ಕರ್ಸಿವ್’, ಮಾತು ಜಾಸ್ತಿ ಎಂದು ಕೆಂಪು ಮಸಿಯಲ್ಲಿ ಬರೆಯುತ್ತಿದ್ದರು. ಆ ರೋಗ ವಾಸಿಯಾಗಿಲ್ಲ, ಸಹಿಸಿಕೊಳ್ಳಿ.

ಇಲ್ಲಿ ಈಗ ಪೆಟ್ರೋಲಿಗೆ ಬರ. ಕಾರಿನ ನಂಬರು ಬೆಸವಾದರೆ ಬೆಸ ತಾರೀಖಿನಲ್ಲಿ ಪೆಟ್ರೋಲು, ಸಮವಾದರೆ ಸಮ ತಾರೀಖಿನಲ್ಲಿ. ಮುಕುಂದನದು ಬೆಸ, ಶೈಲಜಾಳದು ಸಮ. ಒಂದೇ ಮನೆ, ಒಂದೇ ಬಂಕು, ಎರಡು ಪಂಚಾಂಗ. ರಮಾ ಇದ್ದಿದ್ದರೆ ನಗುತ್ತಿದ್ದಳು. ನಿಮ್ಮ ಮಾಧ್ವರ ಏಕಾದಶಿ ಒಂದು ದಿನ, ನಮ್ಮ ಸ್ಮಾರ್ತರ ಏಕಾದಶಿ ಇನ್ನೊಂದು ದಿನ ಬೀಳುವ ತಿಂಗಳುಗಳಲ್ಲಿ ಅವಳು ಎರಡೂ ದಿನ ಉಪವಾಸ ಮಾಡುತ್ತಿದ್ದಳು. ಒಂದು ಅಪ್ಪನ ಮನೆಯದು, ಒಂದು ಗಂಡನ ಮನೆಯದು ಅನ್ನುತ್ತಿದ್ದಳು. ಯಾವ ಅಪ್ಪನ ಮನೆ ಎಂದು ನಾನು ಕೇಳಿದರೆ ಒಲೆಯ ಕಡೆ ತಿರುಗಿಕೊಳ್ಳುತ್ತಿದ್ದಳು.

ನೆನಪು ಮಾಡಿಕೊಡುತ್ತೇನೆ, ವಯಸ್ಸಾಯಿತಲ್ಲ ನಿಮಗೂ. ಗೆಳೆಯ ಎಂದು ನಿಮ್ಮ ಮನೆಗೆ ಬರುತ್ತಿದ್ದವನು ನಾನು. ನಿಮ್ಮ ತಂಗಿ ನನ್ನನ್ನು ಮದುವೆಯಾದ ಹತ್ತನೆಯ ದಿನ ನಿಮ್ಮ ತಂದೆ, ಬದುಕಿದ್ದ ಮಗಳ ಹೆಸರು ಹೇಳಿ ಎಳ್ಳುನೀರು ಬಿಟ್ಟರು. ತಂಬಿಗೆ ಹಿಡಿದು ಪಕ್ಕದಲ್ಲಿ ಕೂತವರು ನೀವು. ಅದಾಗಿ ಮೂವತ್ತಾರು ವರ್ಷಕ್ಕೆ ಅವಳು ನಿಜವಾಗಿ ಸತ್ತಾಗ ನಾನು ಗೆಳೆಯ ಸುಬ್ಬುವಿಗೆ ತಂತಿ ಕೊಟ್ಟು ನಿಮ್ಮ ಮನೆಗೆ ಹೋಗಿ ಹೇಳು ಎಂದೆ. ಅವನನ್ನು ಗೇಟಿನಲ್ಲೇ ನಿಲ್ಲಿಸಿ ನೀವು ಹೇಳಿದ ಮಾತನ್ನು ಅವನು ಹಾಗೆಯೇ ನನಗೆ ಬರೆದ: “ಆ ಹೆಸರಿನವಳಿಗೆ ನಾವು ಯಾವತ್ತೋ ಎಳ್ಳುನೀರು ಬಿಟ್ಟಾಗಿದೆ. ಒಬ್ಬರಿಗೆ ಎರಡು ಸಲ ಸೂತಕ ಇಲ್ಲ.” ದಿನ ಯಾವುದು ಎಂದು ಅವನು ಹೇಳುವುದಕ್ಕೆ ಮೊದಲೇ ಬಾಗಿಲು ಹಾಕಿಕೊಂಡಿರಿ. ಈಗ ಸುಬ್ಬುವೂ ಇಲ್ಲ. ಹಾಗಾಗಿ ಆ ತಿಥಿ ಇರುವುದು ನನ್ನ ಹತ್ತಿರ, ನನ್ನ ಮಗಳ ಹತ್ತಿರ. ಮಗಳು ಬರೆಯುವವಳಲ್ಲ.

ಇಲ್ಲಿ ನನಗೆ ಒಬ್ಬ ಗೆಳೆಯ ಸಿಕ್ಕಿದ್ದಾನೆ. ಟೋನಿ. ಆಸ್ಟ್ರೇಲಿಯದವನು, ಎಂಬತ್ತೈದು ದಾಟಿದೆ, ನನ್ನ ಹಾಗೆಯೇ ಹೆಂಡತಿಯನ್ನು ಕಳೆದುಕೊಂಡು ಮಗಳ ಜೊತೆ ಇದ್ದಾನೆ. ನಮ್ಮ ಕಾಂಪ್ಲೆಕ್ಸಿನ ಬಟ್ಟೆ ಒಗೆಯುವ ಕೋಣೆಯ ಹೊರಗೆ ಒಂದು ಬೆಂಚಿದೆ, ಯಂತ್ರದ ಬಿಸಿಗಾಳಿ ಅಲ್ಲಿ ಹೊರಗೆ ಬರುತ್ತದೆ. ಚಳಿಗಾಲದಲ್ಲಿ ನಮ್ಮಿಬ್ಬರ ಸ್ಥಾನ ಅದೇ. ಅವನ ಒಂದು ಕಿವಿ ಹಿಸುಕಿದ ಹೂಕೋಸಿನ ಹಾಗಿದೆ. ಒಂದು ಭುಜ ಕೆಳಗೆ ಇಳಿದಿದೆ. ರಗ್ಬಿ ಎಂಬ ಆಟ ಆಡಿ ಆದದ್ದು.

ಮೊಟ್ಟೆಯಾಕಾರದ ಚೆಂಡು. ಅದನ್ನು ಹಿಡಿದು ಮುಂದೆ ಓಡಬೇಕು, ಆದರೆ ಇನ್ನೊಬ್ಬನಿಗೆ ಕೊಡುವಾಗ ಹಿಂದಕ್ಕೇ ಎಸೆಯಬೇಕು. ಒಂದು ಕಿತ್ತಳೆ ಹಣ್ಣಿನಲ್ಲಿ ತೋರಿಸಿಕೊಟ್ಟ. ಇದರಲ್ಲಿ ಎರಡು ಮತವಂತೆ. ಯೂನಿಯನ್ ಎಂಬವರಲ್ಲಿ ಹದಿನೈದು ಜನ, ಲೀಗ್ ಎಂಬವರಲ್ಲಿ ಹದಿಮೂರು ಜನ. ಅದೇ ಚೆಂಡು, ಅದೇ ಹುಲ್ಲು, ಅದೇ ಊರಿನ ಹುಡುಗರು. ಯೂನಿಯನ್ನಿನವನು ಒಂದು ದಿನ ಲೀಗಿನಲ್ಲಿ ಆಡಿದರೆ ಜೀವಮಾನದ ಬಹಿಷ್ಕಾರ. ಟೋನಿ ಯೂನಿಯನ್ನಿನಲ್ಲಿ ಆಡುವಾಗ ಭುಜ ಮುರಿಯಿತು. ಟ್ರಾಮ್ ಕಂಪನಿಯ ಕೆಲಸ ಹೋಯಿತು. ಕ್ಲಬ್ಬಿನವರು ತಿರುಗಿ ನೋಡಲಿಲ್ಲ. ವಾಸಿಯಾದ ಮೇಲೆ, ಆಟಕ್ಕೆ ದುಡ್ಡು ಕೊಡುವ ಲೀಗಿಗೆ ಹೋದ. ಹಳೆಯ ಜೊತೆಗಾರರು ಬೀದಿಯಲ್ಲಿ ಮುಖ ತಿರುಗಿಸಿದರು. ನನಗೆ ಇದರಲ್ಲಿ ಒಂದು ಅಕ್ಷರವನ್ನೂ ಬಿಡಿಸಿ ಹೇಳಬೇಕಾಗಲಿಲ್ಲ. ‘ಐ ಆಮ್ ಆಲ್ಸೋ ಎ ಲೀಗ್ ಮ್ಯಾನ್’ ಎಂದೆ. ಅವನು ನನ್ನ ಭುಜ ನೋಡಿದ.

ತಿಥಿ ವಿಷಯ. ತಿಥಿ ತಿಳಿಯದವರಿಗೆ ಮಹಾಲಯ ಅಮಾವಾಸ್ಯೆ ಇದೆ. ದಿಕ್ಕಿಲ್ಲದವರ ಸಾಲಿನಲ್ಲಿ ಅವಳಿಗೂ ಒಂದು ಹಿಡಿ ಹಾಕಿ.

ಬದರೀನಾಥ

*

ಬಸವನಗುಡಿ
20 ಮಾರ್ಚ್ 1974

ಶ್ರೀ ಬದರೀನಾಥ ಅವರಿಗೆ,

ಕಾಗದ ತಲುಪಿತು. ನೀವು ಬರೆದದ್ದೆಲ್ಲ ನಡೆದದ್ದೇ. ಗೇಟಿನ ಮಾತೂ ನನ್ನದೇ.

ಅಮಾವಾಸ್ಯೆ ಸಾಲದು. ಆ ದಿನವೇ ಬೇಕು. ದಯವಿಟ್ಟು ಬರೆಯಿರಿ.

ಕೇಶವಮೂರ್ತಿ

*

ಸಮರ್‌ಸೆಟ್
28 ಏಪ್ರಿಲ್ 1974

ಕೇಶವಮೂರ್ತಿಗಳೇ,

‘ಆ ದಿನವೇ ಬೇಕು’ ಎಂಬುದನ್ನು ಓದಿ ನನಗೆ ಅರ್ಥವಾಯಿತು. ನಿಮ್ಮ ಮೊಮ್ಮಗಳಿಗೋ ಇನ್ನಾರಿಗೋ ಗಂಡು ಕೂಡಿಬರುತ್ತಿಲ್ಲ. ಯಾರೋ ಜೋಯಿಸರು ಕವಡೆ ಹಾಕಿ, ಮನೆಯಲ್ಲಿ ಬದುಕಿದ್ದವಳಿಗೆ ಎಳ್ಳುನೀರು ಬಿಟ್ಟ ದೋಷ ಇದೆ ಅಂದಿದ್ದಾರೆ. ತಂಗಿ ಬೇಕಾಗಿಲ್ಲ, ದೋಷ ಪರಿಹಾರ ಬೇಕಾಗಿದೆ. ತಪ್ಪಿದ್ದರೆ ತಿದ್ದಿ. ನೀವು ತಿದ್ದುವುದಿಲ್ಲ ಎಂದೂ ಗೊತ್ತು.

ನಿಮ್ಮ ತಾಯಿಯವರು ಈಗ ಇರಲಾರರು. ಅವರು ಹೋದ ಸುದ್ದಿಯನ್ನೂ ನಮಗೆ ತಿಳಿಸಲಿಲ್ಲ. ರಮಾ ಕೊನೆಯ ತನಕ ಅಮ್ಮ ಇದ್ದಾಳೋ ಇಲ್ಲವೋ, ಬದುಕಿದ್ದಾಳೆಂದು ನೆನೆಯಲೋ ಹೋದಳೆಂದು ನೆನೆಯಲೋ ಎಂದು ಒದ್ದಾಡಿದಳು. ಆ ಲೆಕ್ಕವೂ ನನ್ನ ಹತ್ತಿರ ಇದೆ.

ಇಲ್ಲಿ ಒಂದು ವಿಶೇಷ. ಟೋನಿಗೆ ಸಿಡ್ನಿಯಿಂದ ಕಾಗದ ಬಂದಿದೆ. ಅವನ ಕಣ್ಣು ಮಂಜು, ನಾನೇ ಓದಿ ಹೇಳಿದೆ. ಹಳೆಯ ಯೂನಿಯನ್ ಕ್ಲಬ್ಬಿನವರು. ಕ್ಲಬ್ಬಿಗೆ ನೂರು ವರ್ಷ ತುಂಬುತ್ತದೆ, ನಮ್ಮಲ್ಲಿ ಬದುಕಿರುವ ಅತ್ಯಂತ ಹಿರಿಯ ಆಟಗಾರರು ನೀವು, ಒಂದು ಫೋಟೋ, ಒಂದು ಆಶೀರ್ವಾದದ ಮಾತು ಕಳಿಸಿ ಎಂದಿದ್ದಾರೆ. ಓದುತ್ತಿದ್ದ ಹಾಗೆ ಅವನ ಕೈ ಬೆಂಚಿನ ಹಲಗೆಯನ್ನು ಹಿಡಿದುಕೊಂಡಿತು.

ಪೂರಾ ಕಥೆ ಆವತ್ತು ಹೇಳಿದ. ಲೀಗಿಗೆ ಹೋಗಿ ಎರಡು ವರ್ಷವಾದ ಮೇಲೆ ಯೂನಿಯನ್ ಕ್ಲಬ್ಬಿನ ನಾಯಕ ಅವನ ಮನೆಗೆ ಬಂದನಂತೆ. ಫೈನಲ್ ಪಂದ್ಯ, ಓಡುವವರಿಲ್ಲ, ನೀನು ಬಾ, ಬಹಿಷ್ಕಾರ ಮರೆತಿದ್ದೇವೆ ಎಂದನಂತೆ. ಇವನು ನಂಬಿ ಲೀಗ್ ಬಿಟ್ಟು ಹಿಂತಿರುಗಿದ. ಪಂದ್ಯ ಗೆದ್ದುಕೊಟ್ಟ. ಮುಂದಿನ ವಾರ ಕಮಿಟಿ ಕೂತು, ಲೀಗಿನಲ್ಲಿ ಆಡಿದವನು ಎಂದು ಹೊರಗೆ ಹಾಕಿತು. ಬಹುಮಾನದ ಬಟ್ಟಲು ಮಾತ್ರ ಇಟ್ಟುಕೊಂಡರು. ಕ್ಲಬ್ಬಿನ ಗೋಡೆಯಲ್ಲಿ ಆಟಗಾರರ ಹೆಸರನ್ನು ಚಿನ್ನದ ಬಣ್ಣದಲ್ಲಿ ಬರೆದ ಹಲಗೆ ಇದೆಯಂತೆ. ಇವನ ಹೆಸರಿನ ಮೇಲೆ ಕಪ್ಪು ಬಳಿದರು. ಲೀಗಿನವರೂ ದ್ರೋಹಿ ಎಂದು ಸೇರಿಸಲಿಲ್ಲ. ಹಡಗು ಹತ್ತಿ ಇಲ್ಲಿಯ ಹೊಬೋಕನ್ ಬಂದರಿಗೆ ಬಂದು ಮೂಟೆ ಹೊತ್ತ. ಅದಾಗಿ ಅರವತ್ತು ವರ್ಷದ ಮೇಲಾಯಿತು. ದಿನಾ ಬೆಳಗ್ಗೆ ಗಡ್ಡ ಹೆರೆಯುವಾಗ ಆ ನಾಯಕನ ಮುಖ ನೆನೆಸಿಕೊಳ್ಳುತ್ತೇನೆ, ಇಲ್ಲದಿದ್ದರೆ ಕೈ ಗಟ್ಟಿ ನಿಲ್ಲುವುದಿಲ್ಲ ಅಂದ.

ಕೋಪವನ್ನು ಇಷ್ಟು ಚೆನ್ನಾಗಿ ಇಟ್ಟುಕೊಂಡ ಮನುಷ್ಯನನ್ನು ನಾನು ನೋಡಿಲ್ಲ. ಹುಣಸೆಹಣ್ಣಿಗೆ ಉಪ್ಪು ಹಾಕಿ ಭರಣಿಯಲ್ಲಿ ಒತ್ತಿಟ್ಟ ಹಾಗೆ.

ಏನು ಉತ್ತರ ಬರೆಯೋಣ, ಬೈಯೋಣವೇ ಎಂದು ಕೇಳಿದೆ. “ಬೈದರೆ ಅವರಿಗೇನು ನಷ್ಟ?” ಅಂದ. “ಅವರಿಗೆ ನಾನು ಬೇಕಿದ್ದರೆ ಅವರ ನಿಯಮವನ್ನು ಅವರ ಕೈಯಿಂದಲೇ ಮುರಿಸಬೇಕು.”

ಹಾಗೆ ಬರೆದೆವು. ನನ್ನ ಹೆಸರನ್ನು ಮೊದಲಿದ್ದ ಜಾಗದಲ್ಲೇ ಚಿನ್ನದಲ್ಲಿ ಬರೆಯಿರಿ, ಅದರ ಪಕ್ಕದಲ್ಲಿ ನಾನು ಆಡಿದ ಲೀಗ್ ಕ್ಲಬ್ಬಿನ ಹೆಸರನ್ನೂ ಬರೆಯಿರಿ, ಆಮೇಲೆ ಆಶೀರ್ವಾದ. ಶತ್ರು ಕ್ಲಬ್ಬಿನ ಹೆಸರು ಆ ಹಲಗೆಯ ಮೇಲೆ ಯಾವತ್ತೂ ಬಂದಿಲ್ಲವಂತೆ. ‘ಐ ಬೆಗ್ ಟು ಸ್ಟೇಟ್’ ಎಂದು ಶುರುಮಾಡಿ ಒಂದು ಪುಟ ಬರೆದೆ. ಕೊನೆಯಲ್ಲಿ ಅಭ್ಯಾಸಬಲದಿಂದ ‘ಯುವರ್ ಮೋಸ್ಟ್ ಒಬೀಡಿಯೆಂಟ್ ಸರ್ವೆಂಟ್’ ಎಂದು ಹಾಕಿದ್ದೆ. ಅದನ್ನು ಕೇಳಿ ಮುದುಕನಿಗೆ ಕೆಮ್ಮು ಬರುವಷ್ಟು ನಗು. ಇರಲಿ ಬಿಡು, ಕತ್ತಿಗೆ ಒಂದು ಹೂವು ಕಟ್ಟಿದ ಹಾಗಿದೆ ಅಂದ.

ಬದರೀನಾಥ

*

ಬಸವನಗುಡಿ
2 ಜೂನ್ 1974

ಶ್ರೀ ಬದರೀನಾಥ ಅವರಿಗೆ,

ಜೋಯಿಸರ ವಿಷಯದಲ್ಲಿ ನಿಮ್ಮ ಊಹೆ ನಿಮ್ಮಲ್ಲೇ ಇರಲಿ.

ತಿಥಿಗಾಗಿ ಮತ್ತೆ ಕೇಳುತ್ತಿದ್ದೇನೆ. ನಾಲ್ಕು ಸಲ ಕೇಳಿದರೂ ಐದನೆಯ ಸಲ ಕೇಳುತ್ತೇನೆ.

ಆ ಟೋನಿ ಎಂಬವರ ಹೆಸರನ್ನು ಹಲಗೆಯ ಮೇಲೆ ಮತ್ತೆ ಬರೆದರೇ? ನಮ್ಮ ಮನೆಯಲ್ಲಿ ಒಬ್ಬರು ಕೇಳುತ್ತಿದ್ದಾರೆ. ನಿಮ್ಮ ಕಾಗದಗಳನ್ನು ಓದಿ ಹೇಳಬೇಕಾಗುತ್ತದೆ.

ಕೇಶವಮೂರ್ತಿ

*

ಸಮರ್‌ಸೆಟ್
17 ನವೆಂಬರ್ 1974

ಕೇಶವಮೂರ್ತಿಗಳೇ,

ನಿಮ್ಮ ಶ್ರೀಮತಿಯವರಿಗೆ ನನ್ನ ಕಾಗದ ಹಿಡಿಸುತ್ತಿದೆ ಎಂದರೆ ಸಂತೋಷ. ಅವರನ್ನು ನಾನು ನೋಡಿಲ್ಲ. ಗೇಟಿನ ಮಾತು ಬರೆದಿದ್ದೆನಲ್ಲ, ಅದನ್ನೂ ಓದಿ ಹೇಳಿದಿರಾ, ಇಲ್ಲ ಆ ಸಾಲು ಹಾರಿಸಿದಿರಾ?

ಇಷ್ಟು ತಿಂಗಳು ಬರೆಯಲಿಲ್ಲ. ಬೇಸಿಗೆಯಲ್ಲಿ ನನ್ನ ಎದೆ ಸ್ವಲ್ಪ ತಕರಾರು ಮಾಡಿತು. ಶೈಲಜಾ ತನ್ನ ಆಸ್ಪತ್ರೆಗೇ ಕರೆದುಕೊಂಡು ಹೋಗಿ ಮಲಗಿಸಿದ್ದಳು. ಮೊಮ್ಮಗಳು ರೇಣು ದಿನಾ ಬಂದು ‘ತಾತ, ಆರ್ ಯೂ ಬೋರ್ಡ್?’ ಎಂದು ಕೇಳುತ್ತಿದ್ದಳು. ಬೋರ್ ಆಗಲಿಲ್ಲ. ನಿಮ್ಮ ಬಗ್ಗೆ ಯೋಚಿಸುತ್ತಿದ್ದೆ. ಟೋನಿಯ ಗಡ್ಡ ಹೆರೆಯುವ ಮಾತಿನ ಅರ್ಥ ಅಲ್ಲಿ ಆಯಿತು.

ಟೋನಿಗೆ ಉತ್ತರ ಇನ್ನೂ ಬಂದಿಲ್ಲ. ಕಮಿಟಿಯಲ್ಲಿ ಜಗಳ ನಡೆದಿದೆಯಂತೆ, ಒಬ್ಬ ಹಳಬ ರಾಜೀನಾಮೆ ಕೊಟ್ಟನಂತೆ. ಅದನ್ನು ಕೇಳಿ ಟೋನಿ ಒಂದು ಲೋಟ ಬಿಯರ್ ಜಾಸ್ತಿ ಕುಡಿದ.

ಇರಲಿ. ನಿಮಗೆ ತಿಥಿ ಬೇಕು. ಬರೆಯುತ್ತೇನೆ.

ರಮಾಮಣಿ ಹೋದದ್ದು ಸಾಧಾರಣ ಸಂವತ್ಸರ, ಮಾಘ ಬಹುಳ ಏಕಾದಶಿ.

ಈಗ ನನ್ನ ಕರಾರು. ನಿಮ್ಮವರು ಏಕಾದಶಿಯ ದಿನ ಒಲೆ ಹಚ್ಚುವುದಿಲ್ಲ, ನೀರನ್ನೂ ಮುಟ್ಟುವುದಿಲ್ಲ. ತಿಥಿ ಏಕಾದಶಿಗೆ ಬಿದ್ದರೆ ಮಾರನೆಯ ದಿನ ದ್ವಾದಶಿಗೆ ತಳ್ಳಿಬಿಡುತ್ತೀರಿ. ನಮ್ಮವರು ತಳ್ಳುವುದಿಲ್ಲ, ಆ ದಿನವೇ ಅಡುಗೆ ಮಾಡಿ ಎಡೆ ಇಡುತ್ತೇವೆ. ರಮಾ ನಮ್ಮವಳಾಗಿ ಸತ್ತಳು. ಅವಳನ್ನು ದ್ವಾದಶಿಗೆ ತಳ್ಳಕೂಡದು. ಏಕಾದಶಿಯ ದಿನ ನಿಮ್ಮ ಅಡುಗೆಮನೆಯಲ್ಲಿ ಒಲೆ ಉರಿಯಬೇಕು. ಅನ್ನ ಆಗಬೇಕು. ನಮ್ಮ ಕಡೆಯ ಪುರೋಹಿತರು ಬಂದು ನಮ್ಮ ಪದ್ಧತಿಯಲ್ಲಿ ಮಾಡಿಸಬೇಕು. ಆ ಅನ್ನವನ್ನು ನೀವು ಉಣ್ಣಬೇಕು. ಇದಕ್ಕೆ ಒಪ್ಪದಿದ್ದರೆ ತಿಥಿಯನ್ನು ಮರೆತುಬಿಡಿ, ಅವಳ ಹೆಸರನ್ನೂ ಇನ್ನು ನನ್ನ ಹತ್ತಿರ ಎತ್ತಬೇಡಿ.

ನೀವು ಮಠದ ಭಜನಾ ಮಂಡಳಿಯ ಅಧ್ಯಕ್ಷರು ಎಂದು ಶೈಲಜಾಳ ಸ್ನೇಹಿತೆ ಬರೆದಿದ್ದಾಳೆ. ನೀವು ಇದನ್ನು ಮಾಡಲಾರಿರಿ. ಮಾಡಲಾರೆ ಎಂದು ನಿಮ್ಮ ಕೈಯಲ್ಲೇ ಬರೆದು ಕಳಿಸಿ. ಆ ಒಂದು ಕಾಗದ ನನಗೆ ಬೇಕು.

ಅಂಡರ್ ದಿ ಸರ್ಕಮ್‌ಸ್ಟೆನ್ಸಸ್ ಎಬವ್ ರೆಫರ್ಡ್ ಟು, ಐ ರಿಮೇನ್,
ಯುವರ್ ಮೋಸ್ಟ್ ಒಬೀಡಿಯೆಂಟ್ ಸರ್ವೆಂಟ್,
ಬದರೀನಾಥ

*

ಬಸವನಗುಡಿ
12 ಡಿಸೆಂಬರ್ 1974

ಪತ್ರ ತಲುಪಿತು.

ಕೇಶವಮೂರ್ತಿ

*

ಸಮರ್‌ಸೆಟ್
16 ಫೆಬ್ರವರಿ 1975

ಕೇಶವಮೂರ್ತಿಗಳೇ,

ಎರಡೇ ಪದ. ಪ್ರೆಸಿ ಬರೆಯುವುದರಲ್ಲಿ ನಿಮ್ಮನ್ನು ಮೀರಿಸುವವರಿಲ್ಲ.

ಮಾಘ ಮಾಸ ಹುಟ್ಟಿತು. ಮುಂದಿನ ತಿಂಗಳ ಎರಡನೆಯ ವಾರದಲ್ಲಿ ಆ ಏಕಾದಶಿ. ನಾನು ಇಲ್ಲಿ ಕೂತು ನಿಮ್ಮ ಮನೆಯನ್ನು ನೋಡುತ್ತಿರುತ್ತೇನೆ. ನಡುಮನೆಯ ಕಂಬ, ಹಿತ್ತಲಿನ ಬಾವಿ, ನಾವಿಬ್ಬರೂ ಕಾಲೇಜಿನ ಪುಸ್ತಕ ಹರಡಿಕೊಂಡು ಕೂರುತ್ತಿದ್ದ ಜಗಲಿ. ಹದಿನೆಂಟು ವರ್ಷದ ಹುಡುಗಿ ಬಾಗಿಲ ಹಿಂದೆ ನಿಂತು, ಅಣ್ಣನಿಗೆ ಬಾರದ ಪದ್ಯವನ್ನು ನನಗೆ ಕೇಳುವ ಹಾಗೆ ಮೆಲ್ಲಗೆ ಹೇಳುತ್ತಿದ್ದಳು. ನಿಮಗೆ ಗೊತ್ತೇ ಇರಲಿಲ್ಲ. ಆವತ್ತು ಆ ಮನೆಯಲ್ಲಿ ಹೊಗೆ ಏಳುವುದಿಲ್ಲ. ನೀವು ಒಣ ನಾಲಿಗೆಯಲ್ಲಿ ಭಜನೆ ಹೇಳುತ್ತಿರುತ್ತೀರಿ. ದ್ವಾದಶಿ ಬೆಳಗ್ಗೆ ಪಾರಣೆ ಮುಗಿಸಿ ನನಗೆ ಶಾಸ್ತ್ರ ವಿವರಿಸಿ ಒಂದು ಕಾಗದ ಬರೆಯುತ್ತೀರಿ. ಅದನ್ನು ಓದುವುದಕ್ಕಾಗಿ ನಾನು ಮಾತ್ರೆ ತಪ್ಪಿಸದೆ ನುಂಗುತ್ತಿದ್ದೇನೆ.

ಬದರೀನಾಥ

*

ಬಸವನಗುಡಿ
15 ಮಾರ್ಚ್ 1975

ಬದರೀನಾಥರಿಗೆ,

ನಿಮ್ಮ ಕರಾರಿನಂತೆ ನಡೆಯಿತು.

ನಮ್ಮ ಪುರೋಹಿತರು ವಿಷಯ ಕೇಳಿ ಎದ್ದು ಹೋದರು. ಶಂಕರಪುರದಿಂದ ನಿಮ್ಮ ಕಡೆಯವರೊಬ್ಬರನ್ನು ಕರೆತಂದೆ. ಅವರೂ ಮನೆ ನೋಡಿ, ಮಾಧ್ವರ ಅಂಗಾರ ಅಕ್ಷತೆ ಇಟ್ಟ ನನ್ನ ಹಣೆ ನೋಡಿ, ಸ್ವಾಮಿ ನಿಮಗೆ ದಿನ ತಪ್ಪಿಲ್ಲ ತಾನೇ ಎಂದು ಕೇಳಿದರು. ಇಲ್ಲ ಎಂದೆ. ನನ್ನ ಹೆಂಡತಿ ಒಲೆ ಹಚ್ಚಲಾರೆ ಎಂದು ತಮ್ಮನ ಮನೆಗೆ ಹೋದಳು. ನಾನೇ ಹಚ್ಚಿದೆ. ಏಕಾದಶಿಯ ಬೆಳಗ್ಗೆ ನಮ್ಮ ಮನೆಯಿಂದ ಹೊಗೆ ಎದ್ದದ್ದನ್ನು ಬೀದಿಯವರೆಲ್ಲ ನೋಡಿದರು. ಮಠದಿಂದ ಸಂಜೆಯೇ ಹೇಳಿಕಳಿಸಿದರು. ಭಜನೆಗೂ ಪಂಕ್ತಿಗೂ ಇನ್ನು ಬರುವುದು ಬೇಡವಂತೆ.

ಜೋಯಿಸರು ಯಾರೂ ಇಲ್ಲ, ದೋಷವೂ ಇಲ್ಲ. ನಿಮ್ಮ ಕಾಗದ ಓದಿಸಿಕೊಳ್ಳುತ್ತಿದ್ದವಳು ನನ್ನ ಹೆಂಡತಿಯಲ್ಲ. ಅಮ್ಮ. ಅವಳಿದ್ದಾಳೆ. ಎಂಬತ್ತೆರಡು ವರ್ಷ, ಕಣ್ಣು ಹೋಗಿದೆ, ಕಿವಿ ಚುರುಕಾಗಿದೆ. ಸುಬ್ಬು ಬಂದ ದಿನ ನಾನು ಗೇಟಿನಲ್ಲಿ ಆಡಿದ ಮಾತು ಒಳಗೆ ಕೂತಿದ್ದ ಅವಳಿಗೆ ಕೇಳಿಸಿತು. ಮಗಳು ಹೋದದ್ದು ಅವಳಿಗೆ ಗೊತ್ತಾದದ್ದು ಹಾಗೆ. ಅಳಲಿಲ್ಲ. ಯಾವ ದಿನ ಹೋದಳಂತೆ ಎಂದು ಮಾತ್ರ ಕೇಳಿದಳು. ನನಗೆ ಗೊತ್ತಿರಲಿಲ್ಲ. ಮಾರನೆಯ ದಿನವೂ ಕೇಳಿದಳು. ಮೂರು ವರ್ಷ ದಿನಾ ಅದೊಂದನ್ನೇ ಕೇಳಿದಳು. ಬೇರೆ ಮಾತು ನನ್ನ ಹತ್ತಿರ ಆಡುವುದನ್ನು ನಿಲ್ಲಿಸಿದ್ದಳು.

ಇದನ್ನು ಮೊದಲೇ ಬರೆಯಬಹುದಿತ್ತು. ಅಮ್ಮನ ಹೆಸರು ಹೇಳಿದರೆ ನೀವು ಕೊಟ್ಟುಬಿಡುತ್ತೀರಿ ಎಂದು ಗೊತ್ತಿತ್ತು. ಕೇಳಬೇಕಾದವನು ನಾನು. ಅಮ್ಮನ ಹಿಂದೆ ನಿಂತು ಕೇಳಬಾರದು ಅನ್ನಿಸಿತು.

ಅವಳು ಮದುವೆಯಾಗಿ ಬಂದಾಗಿನಿಂದ ಒಂದು ಏಕಾದಶಿಯನ್ನೂ ಬಿಟ್ಟವಳಲ್ಲ. ಹೆರಿಗೆಯಲ್ಲೂ ಬಿಟ್ಟಿರಲಿಲ್ಲವಂತೆ. ಅಮ್ಮ, ನೀನು ಉಣ್ಣಬೇಡ, ಕರಾರು ನನಗೆ ಮಾತ್ರ ಎಂದೆ. “ಕರಾರು ಯಾರದೋ, ಮಗಳು ನನ್ನವಳು. ಎಲೆ ಹಾಕು” ಅಂದಳು. ಎಡೆಯ ಅನ್ನವನ್ನು ತಡಕಾಡಿ ಕಲಸಿ ಪೂರ್ತಿ ಉಂಡಳು. ಕೈ ತೊಳೆದುಕೊಂಡು, ಮುಂದಿನ ವರ್ಷವೂ ಇದೇ ದಿನವಲ್ಲವೇ ಎಂದು ಕೇಳಿದಳು. ಹೌದೆಂದೆ. ಅಲ್ಲಿಯ ತನಕ ಗಟ್ಟಿಯಾಗಿರುತ್ತೇನೆ ಬಿಡು ಅಂದಳು. ನನ್ನ ಹತ್ತಿರ ಅವಳು ಇಷ್ಟು ಮಾತಾಡಿ ನಾಲ್ಕು ವರ್ಷವಾಗಿತ್ತು.

ಟೋನಿಯವರ ಹಲಗೆಯ ಸುದ್ದಿ ಏನಾಯಿತು ಎಂದು ಅಮ್ಮ ಕೇಳುತ್ತಿದ್ದಾಳೆ.

ಕೇಶವಮೂರ್ತಿ

*

ಸಮರ್‌ಸೆಟ್
20 ಏಪ್ರಿಲ್ 1975

ಭಾವ,

ಈ ಕಾಗದವನ್ನು ನೀವೊಬ್ಬರೇ ಓದಿ. ಅತ್ತೆಯವರಿಗೆ ಓದಿ ಹೇಳಬೇಡಿ.

ಅವರಿಗೆ ಹೇಳಬಹುದಾದ್ದನ್ನು ಮೊದಲು ಬರೆಯುತ್ತೇನೆ. ಟೋನಿಯ ಹಲಗೆಯ ಫೋಟೋ ಬಂತು. ಕಪ್ಪು ಬಳಿದಿದ್ದ ಜಾಗದಲ್ಲಿ ಚಿನ್ನದ ಅಕ್ಷರ, ಪಕ್ಕದಲ್ಲಿ ಲೀಗ್ ಕ್ಲಬ್ಬಿನ ಹೆಸರು. ಹಳಬರ ಕಡೆಯಿಂದ ಮೂವರು ಕ್ಲಬ್ಬು ಬಿಟ್ಟರಂತೆ, ಆದರೂ ಬರೆದರು. ನಾನು ಅಕ್ಷರ ಅಕ್ಷರವಾಗಿ ಓದಿ ಹೇಳಿದೆ. ಟೋನಿ ಫೋಟೋದ ಮೇಲೆ ಬೆರಳಾಡಿಸಿದ. ಕುಣಿಯುತ್ತಾನೆ ಎಂದುಕೊಂಡಿದ್ದೆ. ಬಟ್ಟೆಯ ಯಂತ್ರ ಒಂದು ಸುತ್ತು ಮುಗಿಸುವ ತನಕ ಕೂತಿದ್ದು, “ನಾಳೆ ಬೆಳಗ್ಗೆ ಗಡ್ಡ ಹೆರೆಯುವಾಗ ಯಾರನ್ನು ನೆನೆಸಿಕೊಳ್ಳಲಿ?” ಅಂದ. ಈಗ ಅವನ ಗಡ್ಡ ಬೆಳೆದಿದೆ. ಬೆಂಚಿಗೆ ಬರುತ್ತಾನೆ, ಕಿತ್ತಳೆ ಹಣ್ಣು ಕೈಯಲ್ಲಿ ಹಿಡಿದುಕೊಂಡಿರುತ್ತಾನೆ, ಎಸೆಯುವುದಿಲ್ಲ.

ಅತ್ತೆಯವರಿಗೆ ಹಲಗೆಯ ವಿಷಯ ಇಷ್ಟು ಸಾಕು. ಗಡ್ಡದ ವಿಷಯ ಬೇಡ.

ಇನ್ನು ನಿಮಗೆ.

ರಮಾ ಹೋದದ್ದು ಏಕಾದಶಿಯಲ್ಲ. ಮಾಘ ಬಹುಳ ನವಮಿ.

ನೀವು ಮಾಡಲಾರೆ ಎಂದು ಬರೆಯಬೇಕು, ಅದನ್ನು ನಾನು ಫ್ರಿಜ್ಜಿನ ಮೇಲೆ ಇಟ್ಟುಕೊಂಡು ಸಾಯುವ ತನಕ ಓದಬೇಕು, ಅದಕ್ಕಾಗಿ ಏಕಾದಶಿ ಎಂದೆ. ನಿಮ್ಮ ಕೈ ಒಲೆಯ ಹತ್ತಿರ ಹೋಗುವುದಿಲ್ಲ ಎಂದು ನನಗೆ ಖಾತ್ರಿಯಿತ್ತು. ಕಾಲೇಜಿನಿಂದ ನಿಮ್ಮನ್ನು ಬಲ್ಲೆ ಎಂದುಕೊಂಡಿದ್ದೆ. ನೀವು ಹಚ್ಚಿದಿರಿ. ನಿಮ್ಮ ಮಠ, ನಿಮ್ಮ ಪಂಕ್ತಿ ಹೋದದ್ದಕ್ಕೆ ನನಗೆ ದುಃಖವಿಲ್ಲ, ಸುಳ್ಳು ಹೇಳುವುದಿಲ್ಲ. ಆ ಸಾಲುಗಳನ್ನು ಎರಡು ಸಲ ಓದಿ ಒಳ್ಳೆಯದಾಯಿತು ಅಂದುಕೊಂಡೆ. ಮೂರನೆಯ ಸಲ ಓದುವ ಮೊದಲು ಮುಂದಿನ ಸಾಲು ಕಣ್ಣಿಗೆ ಬಿತ್ತು, ಅಮ್ಮ ಎಲೆ ಹಾಕು ಅಂದಳು ಎಂಬುದು. ಅವರು ಇದ್ದಾರೆಂದು ನನಗೆ ಗೊತ್ತಿರಲಿಲ್ಲ. ನಾನು ಎಸೆದದ್ದು ನಿಮ್ಮ ಕಡೆಗೆ.

ಈಗ ಕೇಳಿ. ಅವರಿಗೆ ದಿನ ತಪ್ಪು ಎಂದು ಹೇಳಕೂಡದು. ಹೇಳಿದರೆ ಜನ್ಮದ ವ್ರತವನ್ನು ಅವರು ವ್ಯರ್ಥವಾಗಿ ಮುರಿದಂತಾಗುತ್ತದೆ, ಮತ್ತೆ ದಿನಾ ಕೇಳಲು ತೊಡಗುತ್ತಾರೆ. ಅವರು ಇರುವ ತನಕ ನೀವು ಏಕಾದಶಿಯ ದಿನವೇ ಒಲೆ ಹಚ್ಚಬೇಕು. ಈ ಸಲ ತಿಳಿಯದೆ ಹಚ್ಚಿದಿರಿ. ಮುಂದಿನ ಸಲ ಸುಳ್ಳೆಂದು ತಿಳಿದೂ ಹಚ್ಚಬೇಕು, ಉಣ್ಣಬೇಕು, ಬೀದಿಯವರು ನೋಡಬೇಕು. ಇದು ಶಿಕ್ಷೆಯೋ ಏನೋ ನನಗೂ ತಿಳಿಯುತ್ತಿಲ್ಲ. ನಾನು ಕೊಡಬೇಕೆಂದು ಕೂಡಿಟ್ಟದ್ದಕ್ಕಿಂತ ದೊಡ್ಡದು ನಿಮ್ಮ ತಲೆಯ ಮೇಲೆ ಬಿದ್ದಿದೆ. ತೆಗೆಯುವ ಶಕ್ತಿ ನನಗಿಲ್ಲ, ತೆಗೆಯಬೇಕೆಂಬ ಮನಸ್ಸೂ ಪೂರ್ತಿ ಬಂದಿಲ್ಲ.

ಅತ್ತೆಯವರು ಹೋದ ಮೇಲೆ ನವಮಿ.

ಬದರಿ

*

ಬಸವನಗುಡಿ
18 ಮೇ 1975

ಲೋ ಬದರಿ,

ನಿನ್ನ ಕಾಗದವನ್ನು ಬಾವಿಯ ಕಟ್ಟೆಯ ಮೇಲೆ ಕೂತು ಓದಿ, ಅಲ್ಲೇ ಹರಿದು ಹಾಕಿದೆ. ಎರಡು ದಿನ ನಿನ್ನ ಮೇಲೆ ಕುದಿದೆ. ಎದುರಿಗೆ ಸಿಕ್ಕಿದ್ದರೆ ಹೊಡೆಯುತ್ತಿದ್ದೆ. ಹೊಡೆತ ತಿಂದು ನೀನೂ ಸುಮ್ಮನಿರುವವನಲ್ಲ.

ಅಮ್ಮನಿಗೆ ಟೋನಿಯ ಹೆಸರು ಬರೆದರು ಎಂದಷ್ಟೇ ಹೇಳಿದೆ. ಅವನದೂ ನಮ್ಮ ರಮಾಳದೂ, ಇಬ್ಬರ ಹೆಸರನ್ನೂ ಒಂದೇ ವರ್ಷ ಬರೆದರಲ್ಲ ಅಂದಳು. ಆ ಮುದುಕನಿಗೆ ಗಡ್ಡ ಹೆರೆದುಕೊಳ್ಳಲು ಹೇಳು. ಬೇಕಿದ್ದರೆ ನನ್ನ ಮುಖ ನೆನೆಸಿಕೊಳ್ಳಲಿ, ನಿನ್ನ ಗೆಳೆಯನಲ್ಲವೇ.

ನವಮಿ ಮೊದಲು ಬರುತ್ತದೆ. ಅಂದು ಅಮ್ಮನಿಗೆ ಬೇರೆ ಯಾರದೋ ಹೆಸರು ಹೇಳಿ, ನಮ್ಮ ಪದ್ಧತಿಯಲ್ಲಿ ಮಾಡುತ್ತೇನೆ. ಏಕಾದಶಿ ನಿಮ್ಮ ಪದ್ಧತಿಯಲ್ಲಿ, ಅಮ್ಮನ ಎದುರಿಗೆ. ಅಮ್ಮ ಹೋದ ಮೇಲೂ ಎರಡನ್ನೂ ಬಿಡುವುದಿಲ್ಲ.

ಒಬ್ಬರಿಗೆ ಎರಡು ಸಲ ಇಲ್ಲ ಎಂದು ಗೇಟಿನಲ್ಲಿ ನಿಂತು ಹೇಳಿದವನು ನಾನೇ. ಅವಳು ಎರಡೂ ದಿನ ಉಪವಾಸ ಮಾಡುತ್ತಿದ್ದಳು ಎಂದು ಬರೆದಿದ್ದೆಯಲ್ಲ. ಎರಡೂ ದಿನ ಉಣ್ಣಲಿ.

ಕೇಶವ